ಬೈಲೈನ್‌ಗೆ ಎಷ್ಟು ಅಂಕ?

ಟೊರಾಂಟೊದಲ್ಲಿ ಇನ್ನೊಬ್ಬರ ಕೂದಲು ಕತ್ತರಿಸಿ ಹೊಟ್ಟೆ ಹೊರೆಯಬೇಕಾದರೆ ಒಂಟಾರಿಯೊ ಪ್ರಾಂತ್ಯದ ಪ್ರಮಾಣಪತ್ರ ಬೇಕು. ಮನೆ ಮಾರಿಸಿಕೊಡುವ ಏಜೆಂಟರಿಗೆ ನೋಂದಣಿ ಬೇಕು, ವಕೀಲರಿಗೆ ಸನ್ನದು ಬೇಕು. ಆದರೆ ನಗರಸಭೆಯ ಲೆಕ್ಕಪತ್ರ ಕೆದಕಿ ನಾಳೆ ಬೆಳಿಗ್ಗೆ ಲಕ್ಷಾಂತರ ಜನರ ಮುಂದಿಡುವ ಪತ್ರಕರ್ತರಿಗೆ ಏನೂ ಬೇಡ. ಪತ್ರಿಕಾ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕೆಂದು ಒಪ್ಪಿದ ದೇಶದಲ್ಲಿ ಪರವಾನಗಿ ಇರಲೂಬಾರದು. ಅಮೆರಿಕದಲ್ಲಿ ಪತ್ರಿಕೋದ್ಯಮ ಶಾಲೆಗಳಿಗೆ ಮಾನ್ಯತೆ ಕೊಡುವ ಮಂಡಳಿಯಾದರೂ ಇದೆ. ಕೆನಡಾದಲ್ಲಿ ಅಂಥದ್ದೂ ಇಲ್ಲ.

ಹಾಗಾಗಿ ಇಲ್ಲಿ ಓದು ಮುಗಿಸಿ ಹೊರಬಿದ್ದವರ ಕೈಯಲ್ಲಿ ಉಳಿಯುವುದು ಎರಡೇ ಸಾಕ್ಷಿ. ಎಲ್ಲಿ ದುಡಿದೆ ಎಂದು ಹೇಳುವ ಇಂಟರ್ನ್‌ಶಿಪ್ ಒಂದು, ಏನು ಬರೆದೆ ಎಂದು ತೋರಿಸುವ ಪೋರ್ಟ್‌ಫೋಲಿಯೊ ಇನ್ನೊಂದು. ಕೆಲಸ ಕೊಡುವ ಸಂಪಾದಕರು ಅಂಕಪಟ್ಟಿ ಕೇಳುವುದು ಅಪರೂಪ. ‘ಬರೆದದ್ದು ತೋರಿಸು’ ಎನ್ನುತ್ತಾರೆ, ಅಷ್ಟೇ. ಶಾಲೆಗೆ ಮಾತ್ರ ಅಷ್ಟಕ್ಕೇ ಬಿಡುಗಡೆ ಇಲ್ಲ. ಈ ಎರಡು ಸಾಕ್ಷಿಗಳನ್ನೂ ಅಂಕಗಳಿಗೆ ಇಳಿಸಲೇಬೇಕು. ತೊಡಕು ಶುರುವಾಗುವುದು ಅಲ್ಲಿಂದ. ಇಂಟರ್ನ್‌ಶಿಪ್ ವಿದ್ಯಾರ್ಥಿಯನ್ನು ಅಳೆಯುವಷ್ಟೇ ಅವರಿಗೆ ಸಿಕ್ಕ ಸುದ್ದಿಮನೆಯನ್ನೂ ಅಳೆಯುತ್ತದೆ. ಪೋರ್ಟ್‌ಫೋಲಿಯೊ ಬೆಂದ ಅಡುಗೆಯನ್ನು ಬಡಿಸುತ್ತದೆ, ಒಲೆಯ ಮುಂದೆ ನಡೆದದ್ದನ್ನು ಹೇಳುವುದಿಲ್ಲ. ಬೃಹತ್ ಟೊರಾಂಟೊದ ಪತ್ರಿಕೋದ್ಯಮ ಶಾಲೆಗಳ ಅನುಭವವನ್ನು ಮುಂದಿಟ್ಟುಕೊಂಡು ಈ ತೊಡಕನ್ನು ಬಿಡಿಸಿ ನೋಡಬಹುದು.

ಗರಡಿಯಿಂದ ತರಗತಿಗೆ

ಅರ್ನೆಸ್ಟ್ ಹೆಮಿಂಗ್ವೇ 1920ರಿಂದ 1924ರವರೆಗೆ ‘ಟೊರಾಂಟೊ ಸ್ಟಾರ್’ ಪತ್ರಿಕೆಗೆ ಬರೆದ. ಅವನ ಬಳಿ ಯಾವ ಪತ್ರಿಕೋದ್ಯಮ ಪದವಿಯೂ ಇರಲಿಲ್ಲ. ಆ ಕಾಲದ ಸುದ್ದಿಮನೆ ಗರಡಿಮನೆಯಂತಿತ್ತು. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆಯೇ ಪಠ್ಯಕ್ರಮ. ಹಿರಿಯ ಉಪಸಂಪಾದಕರ ಪೆನ್ಸಿಲ್ಲಿನ ಗೀಟುಗಳೇ ಮೌಲ್ಯಮಾಪನ. ಬರೆದ ಕಾಪಿ ಕಸದ ಬುಟ್ಟಿಗೆ ಬಿದ್ದರೆ ನಪಾಸು, ಅಚ್ಚಾದರೆ ಪಾಸು.

ವಿಶ್ವವಿದ್ಯಾಲಯ ಈ ಗರಡಿಯನ್ನು ತರಗತಿಗೆ ತಂದದ್ದು ನಿಧಾನವಾಗಿ. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ ಅದರ ಜೊತೆಗೇ ವಿದ್ಯಾರ್ಥಿಗಳು ದುಡಿಯುವ ನಿಜವಾದ ಪತ್ರಿಕೆಯೊಂದೂ ಹುಟ್ಟಿತು. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಇದ್ದಂತೆ ಪತ್ರಿಕೋದ್ಯಮ ಶಾಲೆಗೆ ಪತ್ರಿಕೆ ಇರಬೇಕೆಂಬುದು ಅಲ್ಲಿನ ನಂಬಿಕೆ. ಕೆನಡಾದಲ್ಲಿ ಒಟ್ಟಾವಾ ನಗರದ ಕಾರ್ಲ್‌ಟನ್ ಸಂಸ್ಥೆ ಪತ್ರಿಕೋದ್ಯಮದ ಮೊದಲ ಪದವಿಗಳನ್ನು 1946ರಲ್ಲಿ ಕೊಟ್ಟಿತು. ಟೊರಾಂಟೊದಲ್ಲಿ ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಕಸುಬು ಕಲಿಸುತ್ತಿದ್ದ ಕೇಂದ್ರ 1948ರಲ್ಲಿ ರಯರ್ಸನ್ ತಾಂತ್ರಿಕ ಸಂಸ್ಥೆಯಾಯಿತು. ಅದರ ಆರಂಭದ ವರ್ಷಗಳಲ್ಲೇ ಪತ್ರಿಕೋದ್ಯಮದ ಪಾಠವೂ ಸೇರಿಕೊಂಡಿತು. 2022ರಲ್ಲಿ ಹೆಸರು ಬದಲಿಸಿಕೊಂಡು ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯವಾದದ್ದು ಇದೇ ಸಂಸ್ಥೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1951ರಲ್ಲಿ, ನಾಡಿಗ ಕೃಷ್ಣಮೂರ್ತಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟುತ್ತಿದ್ದರು ಎಂಬುದನ್ನು ಕನ್ನಡಿಗರು ನೆನೆಯಬಹುದು.

ಓದು ಮತ್ತು ದುಡಿಮೆಯನ್ನು ಸರದಿಯಂತೆ ಹೆಣೆಯುವ ಕೋ-ಆಪ್ ಪದ್ಧತಿಗೂ ಇಲ್ಲಿ ಬೇರು ಇದೆ. ಅಮೆರಿಕದ ಸಿನ್ಸಿನಾಟಿಯಲ್ಲಿ 1906ರಲ್ಲಿ ಆರಂಭವಾದ ಆ ಪದ್ಧತಿಯನ್ನು, ಟೊರಾಂಟೊದಿಂದ ಸುಮಾರು ನೂರು ಕಿಲೋಮೀಟರ್ ದೂರದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ತನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕೆನಡಾಕ್ಕೆ ತಂದಿತು. ಎಂಜಿನಿಯರಿಂಗ್‌ಗೆ ಒಗ್ಗಿದ ಅಳತೆಗೋಲು ಸುದ್ದಿಗೂ ಒಗ್ಗೀತೇ ಎಂಬ ಪ್ರಶ್ನೆ ಅಂದಿನಿಂದ ಜೀವಂತವಾಗಿದೆ.

ಶಾಲೆಯೊಳಗಿನ ಸುದ್ದಿಮನೆ

ಬೃಹತ್ ಟೊರಾಂಟೊದ ಶಾಲೆಗಳು ಮೊದಲು ಮೌಲ್ಯಮಾಪನ ನಡೆಸುವುದು ತಮ್ಮದೇ ಅಂಗಳದಲ್ಲಿ. ಮೆಟ್ರೊಪಾಲಿಟನ್‌ನ ವಿದ್ಯಾರ್ಥಿಗಳು 1984ರಿಂದ ಹೊರತರುತ್ತಿರುವ ‘ರಿವ್ಯೂ ಆಫ್ ಜರ್ನಲಿಸಂ’ ಕೆನಡಾದ ಪತ್ರಿಕೆಗಳನ್ನೇ ವಿಮರ್ಶೆಗೆ ಒಡ್ಡುವ ನಿಯತಕಾಲಿಕ. ನಾಳೆ ಕೆಲಸ ಕೇಳಬೇಕಾದ ಸಂಪಾದಕರ ತಪ್ಪನ್ನು ಇಂದು ಎತ್ತಿ ಆಡುವ ಧೈರ್ಯವೇ ಅಲ್ಲಿ ಒಂದು ಪರೀಕ್ಷೆ. ಅದೇ ಆವರಣದ ‘ಐಓಪನರ್’ 1967ರಿಂದ ಶಾಲೆಯ ಅಂಕೆಗೆ ಸಿಗದೆ ಸ್ವತಂತ್ರವಾಗಿ ನಡೆಯುತ್ತಿದೆ. ಅಲ್ಲಿ ಬರೆದದ್ದಕ್ಕೆ ಅಂಕವಿಲ್ಲ. ಆದರೂ ಪೋರ್ಟ್‌ಫೋಲಿಯೊದ ಮೊದಲ ಪುಟಗಳು ಎಷ್ಟೋ ಸಲ ಅಂಥ ಕಡೆಯಿಂದಲೇ ಬರುತ್ತವೆ.

ಎಟೊಬಿಕೊದ ಹಂಬರ್‌ನಲ್ಲಿ ‘ಹಂಬರ್ ನ್ಯೂಸ್’, ಈಸ್ಟ್ ಯಾರ್ಕ್‌ನ ಸೆಂಟೆನಿಯಲ್ ಕಾಲೇಜಿನ ಸ್ಟೋರಿ ಆರ್ಟ್ಸ್ ಸೆಂಟರ್‌ನಲ್ಲಿ ‘ಟೊರಾಂಟೊ ಅಬ್ಸರ್ವರ್’, ಓಕ್‌ವಿಲ್‌ನ ಶೆರಿಡನ್ ಕಾಲೇಜಿನಲ್ಲಿ ‘ಶೆರಿಡನ್ ಸನ್’ ಹೀಗೆ ಬೆಳೆದ ಶಾಲಾ ಸುದ್ದಿಮನೆಗಳು. ಕಾಲೇಜುಗಳ ಡಿಪ್ಲೊಮಾಗಳಿಗೆ ಪ್ರಾಂತ್ಯ ಸರ್ಕಾರದ ಮಾನದಂಡ ಪಟ್ಟಿ ಇದೆ. ಓದು ಮುಗಿಸಿದವರು ಏನೇನು ಮಾಡಬಲ್ಲವರಾಗಿರಬೇಕು ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ವಿಶ್ವವಿದ್ಯಾಲಯಗಳಿಗೆ ಹೆಚ್ಚು ಸ್ವಾತಂತ್ರ್ಯ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ಸುದ್ದಿಮನೆಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಇಂಟರ್ನ್‌ಗಳನ್ನು ಎರಡು ಶಾಲೆಗಳು ಎರಡು ತಕ್ಕಡಿಯಲ್ಲಿ ತೂಗುವುದುಂಟು. ಒಬ್ಬರಿಗೆ ಅಂಕ, ಇನ್ನೊಬ್ಬರಿಗೆ ಬರೀ ಪಾಸು.

ಯಾರನ್ನು ಅಳೆದಂತಾಯಿತು?

ಇಂಟರ್ನ್‌ಶಿಪ್ಪಿನ ಮೌಲ್ಯಮಾಪನ ಸಾಮಾನ್ಯವಾಗಿ ಮೂರು ಕಾಲಿನ ಮಣೆ. ಸುದ್ದಿಮನೆಯ ಮೇಲ್ವಿಚಾರಕರು ತುಂಬುವ ನಮೂನೆ ಒಂದು, ವಿದ್ಯಾರ್ಥಿ ಬರೆಯುವ ದಿನಚರಿ ಅಥವಾ ಆತ್ಮಾವಲೋಕನದ ವರದಿ ಇನ್ನೊಂದು, ಅಚ್ಚಾದ ಕೆಲಸ ಮೂರನೆಯದು. ಮೂರೂ ಸಮವಾಗಿ ನೆಲಕ್ಕೂರಿ ನಿಲ್ಲುವುದು ಕಡಿಮೆ.

ಮೇಲ್ವಿಚಾರಕರ ನಮೂನೆಯಲ್ಲಿ ‘ಸಮಯಪಾಲನೆ’, ‘ತಂಡದೊಂದಿಗೆ ಹೊಂದಾಣಿಕೆ’, ‘ಹುಮ್ಮಸ್ಸು’ ಮುಂತಾದ ಗುಣಗಳಿಗೆ ಐದರಲ್ಲಿ ಇಷ್ಟು ಎಂದು ಕೊಡಬೇಕು. ಡೆಡ್‌ಲೈನ್ ತಲೆಯ ಮೇಲಿರುವ ಸುದ್ದಿ ಸಂಪಾದಕರು ಎಲ್ಲಕ್ಕೂ ನಾಲ್ಕು, ಐದು ಬರೆದು ಕಳಿಸಿದರೆ ದೂರುವಂತಿಲ್ಲ. ಅದು ಅವರ ಸಂಬಳದ ಕೆಲಸವಲ್ಲ. ಇನ್ನೂ ಸೂಕ್ಷ್ಮ ಸಂಗತಿಯೆಂದರೆ ಹೊಂದಾಣಿಕೆ ಎಂಬ ಗುಣವೇ. ‘ಈ ಶೀರ್ಷಿಕೆ ಸರಿಯಿಲ್ಲ’ ಎಂದು ವಾದಿಸಿದ ಇಂಟರ್ನ್‌ಗೆ ಆ ಕಾಲಂನಲ್ಲಿ ಎರಡು ಬಿದ್ದೀತು, ತೆಪ್ಪಗೆ ಒಪ್ಪಿದವರಿಗೆ ಐದು. ಪತ್ರಿಕೋದ್ಯಮಕ್ಕೆ ಬೇಕಾದವರು ಇಬ್ಬರಲ್ಲಿ ಯಾರು?

ದಿನಚರಿಗೂ ಇಂಥದ್ದೇ ಕಷ್ಟ. ಕೆಲಸದ ನಡುವೆಯೇ ಯೋಚಿಸುವ ವೃತ್ತಿಪರರ ಬಗ್ಗೆ ಡೊನಾಲ್ಡ್ ಶೋನ್ 1983ರಲ್ಲಿ ಪುಸ್ತಕ ಬರೆದ ಮೇಲೆ ಆತ್ಮಾವಲೋಕನ ಎಲ್ಲ ವೃತ್ತಿಶಿಕ್ಷಣದ ಮಂತ್ರವಾಯಿತು. ಆದರೆ ಅಂಕಕ್ಕಾಗಿ ಬರೆಯುವ ಆತ್ಮಾವಲೋಕನ ಬೇಗ ಹರಿಕಥೆಯ ಧಾಟಿ ಹಿಡಿಯುತ್ತದೆ. ಮೊದಲ ವಾರ ಭಯ, ಎರಡನೇ ವಾರ ತಪ್ಪು, ಕೊನೆಯ ವಾರ ಜ್ಞಾನೋದಯ, ಮಂಗಳಂ.

ಮೂರನೆಯ ಕಾಲು ಅಚ್ಚಾದ ಕೆಲಸ. ಅದಕ್ಕೆ ಅದೃಷ್ಟ ಬೇಕು. ‘ಟೊರಾಂಟೊ ಸ್ಟಾರ್’ನ ‘ರೇಡಿಯೊ ರೂಮ್’ ಇಲ್ಲಿನ ಪತ್ರಕರ್ತರ ನಡುವೆ ಹೆಸರುವಾಸಿ. ಪೊಲೀಸ್ ಮತ್ತು ಅಗ್ನಿಶಾಮಕ ದಳದ ವೈರ್‌ಲೆಸ್ ಮಾತಿಗೆ ಕಿವಿಗೊಟ್ಟು ರಾತ್ರಿಯಿಡೀ ಕೂರುತ್ತಿದ್ದವರು ಹೆಚ್ಚಾಗಿ ವಿದ್ಯಾರ್ಥಿಗಳು, ಹೊಸಬರು. ಗೊಜಗೊಜ ಸದ್ದಿನ ನಡುವೆ ವಿಳಾಸವೊಂದನ್ನು ಹೆಕ್ಕಿ, ಫೋನ್ ಮಾಡಿ, ದೃಢಪಡಿಸಿಕೊಂಡು, ಇದು ಸುದ್ದಿಯಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟ ಹತ್ತಾರು ಕರೆಗಳ ಕೊನೆಗೆ ನಾಲ್ಕು ಸಾಲಿನ ಸುದ್ದಿ ಹುಟ್ಟುತ್ತಿತ್ತು. ಆ ರಾತ್ರಿ ಕಲಿತದ್ದು ಬಹಳ, ಪೋರ್ಟ್‌ಫೋಲಿಯೊಗೆ ಸಿಕ್ಕಿದ್ದು ಅತ್ಯಲ್ಪ. ಇನ್ನೊಂದು ಕಡೆ ಬಟ್ಟೆಯಂಗಡಿ, ಹೋಟೆಲುಗಳ ‘ಹತ್ತು ಅತ್ಯುತ್ತಮ’ ಪಟ್ಟಿ ಬರೆದವರ ಬಳಿ ತಿಂಗಳಿಗೆ ಇಪ್ಪತ್ತು ಬೈಲೈನ್, ಅಂದರೆ ಬರೆದವರ ಹೆಸರು ಹೊತ್ತ ಬರಹ. ಎಣಿಸಿದರೆ ಗೆಲ್ಲುವವರು ಇವರೇ.

ಬಿಟ್ಟಿ ದುಡಿಮೆಯ ಬಾಗಿಲು

ಈ ಚರ್ಚೆಗೆ ಒಂಟಾರಿಯೊದ ಕಾರ್ಮಿಕ ಕಾನೂನು ಒಂದು ವಿಚಿತ್ರ ತಿರುವು ಕೊಟ್ಟಿದೆ. 2014ರ ಮಾರ್ಚ್‌ನಲ್ಲಿ ಪ್ರಾಂತ್ಯದ ಕಾರ್ಮಿಕ ಇಲಾಖೆಯ ತಪಾಸಣೆಯ ಬಳಿಕ ‘ಟೊರಾಂಟೊ ಲೈಫ್’ ಮತ್ತು ‘ದಿ ವಾಲ್ರಸ್’ ಪತ್ರಿಕೆಗಳು ಸಂಬಳವಿಲ್ಲದ ಇಂಟರ್ನ್‌ಶಿಪ್ ನಿಲ್ಲಿಸಬೇಕಾಯಿತು. ಆಗ ಕಾನೂನಿನಲ್ಲಿ ಆರು ಷರತ್ತುಗಳ ಕಿಂಡಿಯೊಂದಿತ್ತು. ತರಬೇತಿಯ ಹೆಸರಿನಲ್ಲಿ ಬಂದವರು ಆ ಷರತ್ತುಗಳೊಳಗೆ ಕೂತರೆ ಅವರು ನೌಕರರಲ್ಲ. 2018ರ ಜನವರಿ 1ರಿಂದ ಆ ಕಿಂಡಿಯೂ ಮುಚ್ಚಿತು.

ಆದರೆ ಕಾಲೇಜು, ವಿಶ್ವವಿದ್ಯಾಲಯಗಳು ಒಪ್ಪಿದ ಪಠ್ಯಕ್ರಮದ ಭಾಗವಾಗಿ ದುಡಿಯುವ ವಿದ್ಯಾರ್ಥಿಗಳಿಗೆ ಕನಿಷ್ಠ ವೇತನದ ನಿಯಮ ಅನ್ವಯಿಸುವುದಿಲ್ಲ ಎಂಬ ವಿನಾಯಿತಿ ಹಾಗೇ ಉಳಿಯಿತು. ಪರಿಣಾಮವನ್ನು ನೇರವಾಗಿ ಹೇಳುವುದಾದರೆ, ಬಿಟ್ಟಿ ದುಡಿಸಿಕೊಳ್ಳಲು ಸುದ್ದಿಮನೆಗೆ ಈಗ ಶಾಲೆಯ ಮೊಹರು ಬೇಕು. ಆ ಮೊಹರಿನ ಹೆಸರು ಕ್ರೆಡಿಟ್. ಕ್ರೆಡಿಟ್‌ಗೆ ವಿದ್ಯಾರ್ಥಿ ಶುಲ್ಕ ಕಟ್ಟಿರುತ್ತಾರೆ. ದುಡ್ಡು ಕೊಟ್ಟು ದುಡಿಯುವುದು ಎಂದರೆ ಇದೇ.

ಲೆಕ್ಕ ಹಾಕಿ ನೋಡಿ. 2025ರ ಅಕ್ಟೋಬರ್‌ನಿಂದ ಒಂಟಾರಿಯೊದ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ವಾರಕ್ಕೆ 35 ಗಂಟೆಯಂತೆ ಆರು ವಾರ ಸಂಬಳವಿಲ್ಲದೆ ದುಡಿದರೆ ಕೈತಪ್ಪುವ ಹಣ 3,696 ಡಾಲರ್. ಟೊರಾಂಟೊದ ಬಾಡಿಗೆ ಬಲ್ಲವರಿಗೆ ಇದರ ಭಾರ ಗೊತ್ತು. ಅಪ್ಪ ಅಮ್ಮನ ಮನೆಯಲ್ಲಿದ್ದು ಓದುವವರು ಇದನ್ನು ತಡೆದುಕೊಂಡಾರು. ಬ್ರಾಂಪ್ಟನ್ನಿನ ಬೇಸ್‌ಮೆಂಟಿನಲ್ಲಿ ನಾಲ್ವರೊಂದಿಗೆ ಬಾಡಿಗೆ ಹಂಚಿಕೊಂಡ ವಿದೇಶಿ ವಿದ್ಯಾರ್ಥಿಗೆ ಅದು ಆಗದ ಮಾತು. ಓದಿನ ಅವಧಿಯಲ್ಲಿ ಕ್ಯಾಂಪಸ್ಸಿನ ಹೊರಗೆ ದುಡಿಯಲು ಅವರಿಗೆ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆಯ ಮಿತಿ. ಸಂಬಳದ ಇಂಟರ್ನ್‌ಶಿಪ್ ಹೆಚ್ಚಿಸಲೆಂದು ಒಕ್ಕೂಟ ಸರ್ಕಾರ 2017ರಿಂದ ಉದ್ಯೋಗದಾತರಿಗೆ ವೇತನದ ಒಂದು ಪಾಲು ಭರಿಸುವ ಯೋಜನೆ ನಡೆಸುತ್ತಿದೆ, ಒಂಟಾರಿಯೊ ಕೋ-ಆಪ್‌ಗೆ ತೆರಿಗೆ ವಿನಾಯಿತಿ ಕೊಡುತ್ತದೆ. ಆದರೆ ಉಳಿದ ಪಾಲು ಕೊಡಲು ಸುದ್ದಿಮನೆಯಾದರೂ ಇರಬೇಕಲ್ಲ.

ಅದೇ ಈಗ ಕರಗುತ್ತಿದೆ. 2018ರ ಫೆಬ್ರವರಿಯಲ್ಲಿ ‘ಟೊರಾಂಟೊ ಸ್ಟಾರ್’ ತನ್ನ ಸಂಬಳದ ಇಂಟರ್ನ್‌ಶಿಪ್ ಕಾರ್ಯಕ್ರಮ ತಡೆಹಿಡಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಸ್ಥಳೀಯ ಪತ್ರಿಕೆಗಳ ಕಂಪನಿ ಮೆಟ್ರೊಲ್ಯಾಂಡ್ ದಿವಾಳಿ ರಕ್ಷಣೆ ಕೋರಿ, ‘ಬ್ರಾಂಪ್ಟನ್ ಗಾರ್ಡಿಯನ್’, ‘ಮಿಸಿಸಾಗ ನ್ಯೂಸ್’ ಸೇರಿದಂತೆ 70ಕ್ಕೂ ಹೆಚ್ಚು ಸ್ಥಳೀಯ ವಾರಪತ್ರಿಕೆಗಳ ಮುದ್ರಣ ನಿಲ್ಲಿಸಿ, 605 ಮಂದಿಯನ್ನು ಮನೆಗೆ ಕಳಿಸಿತು. ನಗರಸಭೆಯ ಸಭೆ, ಶಾಲಾ ಮಂಡಳಿಯ ಜಗಳ, ಬಡಾವಣೆಯ ಹಾಕಿ ಪಂದ್ಯ ವರದಿ ಮಾಡುತ್ತಾ ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಗರಡಿಗಳು ಅವು. ಇತ್ತ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಬಿದ್ದ ಮೇಲೆ ಕಾಲೇಜುಗಳ ಬೊಕ್ಕಸವೂ ಬರಿದಾಯಿತು. 2024ರ ಕೊನೆಗೆ ಶೆರಿಡನ್ 40, 2025ರ ಆರಂಭದಲ್ಲಿ ಸೆಂಟೆನಿಯಲ್ 49 ಕೋರ್ಸುಗಳಿಗೆ ಪ್ರವೇಶ ನಿಲ್ಲಿಸುವುದಾಗಿ ಹೇಳಿದವು. ಇಂಥ ಕಾಲದಲ್ಲಿ ‘ಇಂಟರ್ನ್‌ಶಿಪ್ ಸಿಕ್ಕಿತೇ’ ಎಂಬುದನ್ನೇ ಅಂಕದ ಅಳತೆ ಮಾಡಿದರೆ, ಮಳೆ ಬಾರದ್ದಕ್ಕೆ ರೈತನಿಗೆ ದಂಡ ಹಾಕಿದಂತೆ.

ಕ್ಲಿಪಿಂಗ್ ಫೈಲಿನಿಂದ ಲಿಂಕಿಗೆ

ಹಾಗಾದರೆ ಪೋರ್ಟ್‌ಫೋಲಿಯೊ ಹೆಚ್ಚು ನ್ಯಾಯವೇ? ಅದರಲ್ಲಿ ಕೆಲಸ ಕಣ್ಣಮುಂದೆಯೇ ಇರುತ್ತದೆ, ಯಾರ ಶಿಫಾರಸೂ ಬೇಡ. ಹಿಂದೆ ಪತ್ರಿಕೆ ಕತ್ತರಿಸಿ ಅಂಟಿಸಿದ ಫೈಲು ಬಗಲಲ್ಲಿರುತ್ತಿತ್ತು, ಈಗ ವೆಬ್‌ಸೈಟಿನ ಕೊಂಡಿ. ಒಂದು ಹುಡುಕಾಟದ ವರದಿ, ಒಂದು ನುಡಿಚಿತ್ರ, ಒಂದು ಆಡಿಯೊ, ಒಂದು ವಿಡಿಯೊ, ಅಂಕಿಅಂಶ ಆಧರಿಸಿದ ಒಂದು ಬರಹ: ಇಷ್ಟನ್ನು ಆರಿಸಿ, ಯಾಕೆ ಆರಿಸಿದೆ ಎಂದು ಟಿಪ್ಪಣಿ ಬರೆಯಬೇಕು. ಆಯ್ಕೆಯೇ ಅರ್ಧ ಪರೀಕ್ಷೆ.

ಆದರೆ ಬೈಲೈನ್ ಒಬ್ಬರದಾದರೂ ಬರಹ ನಾಲ್ಕು ಕೈ ದಾಟಿ ಬಂದಿರುತ್ತದೆ. ಮೊದಲ ಸಾಲು ಡೆಸ್ಕಿನವರದು, ಶೀರ್ಷಿಕೆ ಇನ್ನೊಬ್ಬರದು, ಚಿತ್ರ ಮತ್ತೊಬ್ಬರದು. ಒಳ್ಳೆಯ ಉಪಸಂಪಾದಕರ ಕೈಗೆ ಸಿಕ್ಕ ಸಾಧಾರಣ ವರದಿ ಹೊಳೆಯುತ್ತದೆ, ಉಪಸಂಪಾದಕರೇ ಇಲ್ಲದ ಜಾಲತಾಣದಲ್ಲಿ ಒಳ್ಳೆಯ ವರದಿಯೂ ಮಂಕಾಗುತ್ತದೆ. 2022ರ ಕೊನೆಯಿಂದ ಈಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈ ಕೈಗಳ ಸಾಲಿಗೆ ಸೇರಿವೆ. ಮುಗಿದ ಬರಹವನ್ನಷ್ಟೇ ನೋಡಿ ಯಾರ ಕೈಚಳಕ ಎಷ್ಟೆಂದು ಹೇಳುವುದು ಇನ್ನು ಕಷ್ಟ.

ಸಾಮೂಹಿಕ ತನಿಖೆಯಲ್ಲಿ ಈ ಗಂಟು ಇನ್ನೂ ಬಿಗಿ. 2019ರ ನವೆಂಬರ್‌ನಲ್ಲಿ ಹೊರಬಂದ ‘ಟೇಂಟೆಡ್ ವಾಟರ್’ ತನಿಖೆ ಕೆನಡಾದ ನಗರಗಳ ನಲ್ಲಿ ನೀರಿನಲ್ಲಿ ಸೀಸ ಇರುವುದನ್ನು ಬಯಲಿಗೆಳೆಯಿತು. ಮಾಂಟ್ರಿಯಲ್‌ನ ಕಾಂಕಾರ್ಡಿಯ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ, ರಯರ್ಸನ್ ಸೇರಿದಂತೆ ಒಂಬತ್ತು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳೂ ಹತ್ತು ಮಾಧ್ಯಮ ಸಂಸ್ಥೆಗಳ ಪತ್ರಕರ್ತರೂ ಕೂಡಿ ನೂರಿಪ್ಪತ್ತಕ್ಕೂ ಹೆಚ್ಚು ಮಂದಿ ದುಡಿದರು. ಅಂಥ ಕೆಲಸದಲ್ಲಿ ಮನೆಮನೆಗೆ ಹೋಗಿ ನೀರಿನ ಮಾದರಿ ತಂದವರಿಗೆ ಎಷ್ಟು, ಮಾಹಿತಿ ಹಕ್ಕಿನ ಅರ್ಜಿ ಬೆನ್ನು ಹತ್ತಿದವರಿಗೆ ಎಷ್ಟು, ಕೊನೆಗೆ ಬರೆದವರಿಗೆ ಎಷ್ಟು? ನಾಲ್ಕು ವರ್ಷದ ಓದಿನಲ್ಲಿ ಮಾಡಿದ ಅತಿ ದೊಡ್ಡ ಕೆಲಸಕ್ಕೆ ಪೋರ್ಟ್‌ಫೋಲಿಯೊದಲ್ಲಿ ತನ್ನದೆಂದು ತೋರಿಸಲು ಒಂದು ಪ್ಯಾರಾವೂ ಇರಲಿಕ್ಕಿಲ್ಲ.

ಜೊತೆಗೆ ಕೊಂಡಿಗಳಿಗೆ ಆಯುಸ್ಸು ಕಡಿಮೆ. ಪತ್ರಿಕೆ ಮುಚ್ಚಿದರೆ, ತಾಣ ಬದಲಾದರೆ ವರದಿಯೂ ಮಾಯ. 2023ರ ಆಗಸ್ಟ್‌ನಿಂದ ಕೆನಡಾದ ಆನ್‌ಲೈನ್ ಸುದ್ದಿ ಕಾಯ್ದೆಯನ್ನು ವಿರೋಧಿಸಿ ಮೆಟಾ ಕಂಪನಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿ ತಡೆಹಿಡಿದಾಗ ವಿದ್ಯಾರ್ಥಿ ಪತ್ರಿಕೆಗಳೂ ಆ ಬಲೆಗೆ ಬಿದ್ದವು. ‘ನಿನ್ನ ವರದಿಯನ್ನು ಎಷ್ಟು ಮಂದಿ ಓದಿದರು’ ಎಂಬುದನ್ನು ಅಂಕದ ಬಾಬತ್ತು ಮಾಡಿಕೊಂಡ ಕಡೆ ಆ ಲೆಕ್ಕವೇ ಬುಡಮೇಲಾಯಿತು.

ಕನ್ನಡದಲ್ಲಿ ಕೇಳಿದ್ದಕ್ಕೆ ಅಂಕವುಂಟೇ?

ಬೃಹತ್ ಟೊರಾಂಟೊದ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ. ಕೆನಡಾದ ಪತ್ರಕರ್ತರ ಸಂಘ 2021ರಲ್ಲಿ ಮೊದಲ ಸಲ ದೇಶದ ಸುದ್ದಿಮನೆಗಳ ಗಣತಿ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಪತ್ರಕರ್ತರು ಬಿಳಿಯರೇ ಎಂದು ಕಂಡಿತು. ಬಣ್ಣಬಣ್ಣದ ಮುಖಗಳು ಹೆಚ್ಚಿದ್ದದ್ದು ಇಂಟರ್ನ್ ಮತ್ತು ಅರೆಕಾಲಿಕ ಸಾಲಿನಲ್ಲಿ. ಮೇಲ್ವಿಚಾರಕರ ಸಾಲಿನಲ್ಲಿ ಅಲ್ಲ. ಅಂದರೆ ಅಳೆಯಲ್ಪಡುವವರು ಒಂದು ಲೋಕದವರು, ಅಳೆಯುವವರು ಬಹುಪಾಲು ಇನ್ನೊಂದು ಲೋಕದವರು.

ಮಿಸಿಸಾಗದ ಕನ್ನಡದ ಹುಡುಗಿಯೊಬ್ಬಳು ವೃದ್ಧರ ಒಂಟಿತನದ ಬಗ್ಗೆ ವರದಿ ಮಾಡುತ್ತಾಳೆ ಎಂದುಕೊಳ್ಳಿ. ಮಗನ ಮನೆಗೆ ಬಂದು ಚಳಿಗಾಲವಿಡೀ ಕಿಟಕಿಯ ಬಳಿ ಕೂರುವ ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರೆ ‘ಆಲ್ ಗುಡ್’ ಎನ್ನುತ್ತಾರೆ. ಕನ್ನಡದಲ್ಲಿ ‘ಅಜ್ಜಿ, ಊಟ ಆಯ್ತಾ, ಹೊತ್ತು ಹ್ಯಾಗೆ ಹೋಗತ್ತೆ?’ ಎಂದರೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ವರದಿಯಲ್ಲಿ ಉಳಿಯುವುದು ಎರಡು ಇಂಗ್ಲಿಷ್ ವಾಕ್ಯ. ಆ ಮುಕ್ಕಾಲು ಗಂಟೆಯ ನಂಬಿಕೆ ಗಳಿಸಿದ್ದು, ಅದನ್ನು ನಿಷ್ಠೆಯಿಂದ ಅನುವಾದಿಸಿದ್ದು, ಮನೆಯವರ ಮರ್ಯಾದೆಗೆ ಧಕ್ಕೆಯಾಗುವ ಮಾತನ್ನು ಬಿಟ್ಟದ್ದು ಯಾವ ಮಾನದಂಡ ಪಟ್ಟಿಗೂ ಕಾಣಿಸುವುದಿಲ್ಲ. ಟೊರಾಂಟೊದಲ್ಲಿ ಚಿನ್ ರೇಡಿಯೊ 1966ರಿಂದ, ಮುಂದೆ ಓಮ್ನಿ ಎಂದಾದ ಬಹುಭಾಷಾ ಟಿವಿ ವಾಹಿನಿ 1979ರಿಂದ ವಲಸಿಗರ ಭಾಷೆಗಳಲ್ಲಿ ಮಾತಾಡುತ್ತಿವೆ. ಇಂಥ ಮಾಧ್ಯಮಗಳಲ್ಲಿ ಮಾಡಿದ ಇಂಟರ್ನ್‌ಶಿಪ್‌ಗೂ ಇಂಗ್ಲಿಷ್ ದಿನಪತ್ರಿಕೆಯದಕ್ಕೂ ಒಂದೇ ತೂಕ ಸಿಗಬೇಕಾದರೆ, ಶಾಲೆ ಆ ಭಾಷೆ ಬಲ್ಲ ಪರೀಕ್ಷಕರನ್ನು ಹುಡುಕಿಕೊಳ್ಳಬೇಕು. ಇಲ್ಲದಿದ್ದರೆ ಅದು ಓದಲಾಗದ ಉತ್ತರಪತ್ರಿಕೆಗೆ ಅಂಕ ಕೊಟ್ಟಂತೆ.

ಭಾಷೆಯಷ್ಟೇ ಅಲ್ಲ ಪ್ರಶ್ನೆ. ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೊಟ್ಟ ಕರೆಗಳಲ್ಲಿ 86ನೆಯದು, ಮೂಲನಿವಾಸಿಗಳ ಚರಿತ್ರೆಯನ್ನು ಪತ್ರಿಕೋದ್ಯಮ ಶಾಲೆಗಳು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿ ಕಲಿಸಬೇಕೆನ್ನುತ್ತದೆ. ಕಲಿಸಿದ್ದನ್ನು ಅಳೆಯುವುದು ಹೇಗೆ? ತರಗತಿಯ ಪರೀಕ್ಷೆಯಲ್ಲಿ ಇಸವಿಗಳನ್ನು ಬರೆಯಬಹುದು. ನೊಂದ ಸಮುದಾಯದ ಬಾಗಿಲಲ್ಲಿ ಹೇಗೆ ನಿಲ್ಲುತ್ತಾರೆ ಎಂಬುದು ಗೊತ್ತಾಗುವುದು ಕ್ಷೇತ್ರದಲ್ಲಿ ಮಾತ್ರ.

ನಮ್ಮ ಕಡೆಯ ಕನ್ನಡಿ

ಕರ್ನಾಟಕದ ಪತ್ರಿಕೋದ್ಯಮ ವಿಭಾಗಗಳಲ್ಲೂ ಪ್ರಾಯೋಗಿಕ ಪತ್ರಿಕೆ ಮತ್ತು ಇಂಟರ್ನ್‌ಶಿಪ್ ಹಳೆಯ ಜೋಡಿ. ಬೆಂಗಳೂರಿನ ಪತ್ರಿಕೋದ್ಯಮ ಸಂಸ್ಥೆ ಐಐಜೆಎನ್ಎಂನಲ್ಲಿ ವಿದ್ಯಾರ್ಥಿಗಳ ಪತ್ರಿಕೆ ‘ಸಾಫ್ಟ್‌ಕಾಪಿ’ ಮಿಸೌರಿಯ ಹಾದಿಯದೇ. ಆದರೆ ಇಂಟರ್ನ್‌ಶಿಪ್ ವಿಷಯಕ್ಕೆ ಬಂದರೆ ಪತ್ರಿಕಾ ಕಚೇರಿಯ ಲೆಟರ್‌ಹೆಡ್, ಸಹಿ, ಮೊಹರು ಇದ್ದರೆ ಮುಗಿಯಿತು ಎನ್ನುವ ಕಡೆಗಳೇ ಹೆಚ್ಚು. ಅಲ್ಲಿ ಹಾಜರಿಯೇ ಅರ್ಹತೆ. ಟೊರಾಂಟೊದಲ್ಲಿ ನಮೂನೆಗಳು ದಪ್ಪ, ಕಾನೂನು ಬಿಗಿ, ಆದರೂ ಆಳದ ಕಾಯಿಲೆ ಎರಡೂ ಕಡೆ ಒಂದೇ. ಸುಲಭವಾಗಿ ಎಣಿಸಬಹುದಾದ ಗಂಟೆ, ಬೈಲೈನ್, ಸಹಿಗಳನ್ನು ಎಣಿಸಿ, ಎಣಿಸಲಾಗದ ವಿವೇಚನೆಯನ್ನು ಕೈಬಿಡುವುದು.

ಜಾಡು ನೋಡುವುದು

ಪರಿಹಾರಕ್ಕೆ ಇಂಟರ್ನ್‌ಶಿಪ್ ಬಿಡಬೇಕಾಗಿಲ್ಲ, ಪೋರ್ಟ್‌ಫೋಲಿಯೊ ಎಸೆಯಬೇಕಾಗಿಲ್ಲ. ಎರಡರಿಂದಲೂ ಬೇರೆ ಸಾಕ್ಷಿ ಕೇಳಬೇಕು, ಅಷ್ಟೇ. ಇಂಟರ್ನ್‌ಶಿಪ್ಪಿಗೆ ಪಾಸು, ನಪಾಸು ಸಾಕು; ಸಿಕ್ಕ ಸುದ್ದಿಮನೆಯ ಅದೃಷ್ಟಕ್ಕೆ ಶ್ರೇಣಿ ಕೊಡುವುದರಲ್ಲಿ ನ್ಯಾಯವಿಲ್ಲ. ಹೊರಗೆ ಜಾಗ ಸಿಗದವರಿಗೆ, ಬಿಟ್ಟಿ ದುಡಿಯಲಾಗದವರಿಗೆ ಶಾಲೆಯ ಸುದ್ದಿಮನೆಯಲ್ಲೇ ಅಷ್ಟೇ ಗೌರವದ ಬದಲಿ ದಾರಿ ಇರಬೇಕು. ಮೆಟ್ರೊಲ್ಯಾಂಡ್ ಬಿಟ್ಟುಹೋದ ನಗರಸಭೆಯ ಖಾಲಿ ಕುರ್ಚಿಗಳಲ್ಲಿ ಆ ವಿದ್ಯಾರ್ಥಿಗಳು ಹೋಗಿ ಕೂತರೆ ಊರಿಗೂ ಉಪಕಾರ.

ಶ್ರೇಣಿ ಕೊಡಬೇಕಾದ್ದು ವರದಿಯ ಹಿಂದಿನ ಜಾಡಿಗೆ. ಮೂರು ಬರಹ ಸಾಕು, ಆದರೆ ಪ್ರತಿಯೊಂದರ ಜೊತೆ ಮೊದಲ ಕರಡು, ಡೆಸ್ಕ್ ತಿದ್ದಿದ ಪ್ರತಿ, ಟಿಪ್ಪಣಿ ಪುಸ್ತಕದ ಪುಟ, ಫೋನ್ ಮಾಡಿದವರ ಪಟ್ಟಿ, ಯಂತ್ರದ ನೆರವು ಪಡೆದಿದ್ದರೆ ಎಲ್ಲಿ ಎಂಬ ಮಾತು ಇರಲಿ. ಆಮೇಲೆ ಇಬ್ಬರು ಪರೀಕ್ಷಕರ ಮುಂದೆ ಇಪ್ಪತ್ತು ನಿಮಿಷ ಕೂತು ‘ಈ ಸಾಲು ನಿನಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಉತ್ತರಿಸಲಿ. ಬರೆದವರಿಗೆ ಉತ್ತರ ಬಾಯ ತುದಿಯಲ್ಲಿರುತ್ತದೆ, ಬರೆಸಿಕೊಂಡವರು ತಡವರಿಸುತ್ತಾರೆ. ಸಾಮೂಹಿಕ ತನಿಖೆಯಲ್ಲಿ ನೀರಿನ ಬಾಟಲಿ ಹೊತ್ತವರಿಗೂ ಆಗ ಹೇಳಲು ಕಥೆ ಇರುತ್ತದೆ, ಅಜ್ಜಿಯ ಕನ್ನಡಕ್ಕೂ ಜಾಗ ಸಿಗುತ್ತದೆ. ಇದಕ್ಕೆ ಅಧ್ಯಾಪಕರ ಹೊತ್ತು ಹೆಚ್ಚು ಬೇಕು ಎಂಬ ಆಕ್ಷೇಪ ನಿಜ. ಅರೆಕಾಲಿಕ ಬೋಧಕರನ್ನು ನೆಚ್ಚಿದ ಕಾಲೇಜುಗಳಿಗೆ ಆ ಹೊತ್ತಿನ ಸಂಬಳ ಕೊಡುವುದೇ ದೊಡ್ಡ ಪ್ರಶ್ನೆ. ಆದರೆ ಆರು ವಾರದ ಬಿಟ್ಟಿ ದುಡಿಮೆಯ ಬೆಲೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವಾಗ ಯಾರೂ ಹೀಗೆ ಲೆಕ್ಕ ಕೇಳಲಿಲ್ಲ.

ಇನ್ನೂ ಒಂದು ಹಾಳೆ ಆ ಸಂಪುಟದಲ್ಲಿ ಕಡ್ಡಾಯವಾಗಬೇಕು: ತಾನು ಮಾಡಿದ ತಪ್ಪೊಂದರ ತಿದ್ದುಪಡಿ. ಹೆಸರು ತಪ್ಪಿದ್ದಿರಲಿ, ಅಂಕಿ ತಪ್ಪಿದ್ದಿರಲಿ, ಅದನ್ನು ಯಾರು ಹೇಳಿದರು, ಎಷ್ಟು ಗಂಟೆಯೊಳಗೆ ಒಪ್ಪಿಕೊಂಡೆ, ಓದುಗರಿಗೆ ಯಾವ ಮಾತಿನಲ್ಲಿ ತಿಳಿಸಿದೆ ಎಂಬ ಮೂರು ಸಾಲು. ಬೈಲೈನ್‌ಗಳನ್ನೆಲ್ಲ ಬದಿಗಿಟ್ಟು ಸಂಪಾದಕರು ಮೊದಲು ಓದಬೇಕಾದ ಹಾಳೆ ಅದೇ.